ರತ್ನಾಚಲದಲ್ಲಿ ಬಂದ ರಾಯರ ಆನೆ

ನಡುವಯಸ್ಸು ದಾಟಿದ ಗಂಡಸೊಬ್ಬ ಹಾಡಹಗಲು ರಸ್ತೆ ಪಕ್ಕ ಬೋರಲು ಮಲಗಿದ್ದರೆ ಲೋಕ ಎರಡೇ ಕಾರಣ ಊಹಿಸುತ್ತದೆ. ಒಂದು ಬಿ.ಪಿ. ಇನ್ನೊಂದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶಾಖಪಟ್ಟಣದ ಪಕ್ಕದ ದೇವರ ಬೆಟ್ಟ ಸಿಂಹಾಚಲದಲ್ಲಿ ಮಾತ್ರ ಮೂರನೆಯದೂ ಉಂಟು. ತಲೆ ಬೆಟ್ಟದ ಕಡೆಗಿದ್ದರೆ ಸಾಕು, ನೀವು ಭಕ್ತರು. ಯಾರೂ ಮುಖಕ್ಕೆ ನೀರು ಚಿಮುಕಿಸುವುದಿಲ್ಲ, ಯಾರೂ 108ಕ್ಕೆ ಫೋನ್ ಮಾಡುವುದಿಲ್ಲ, ಸ್ಕೂಟರಿನವರು ಕೂಡ ಒಂದಿಷ್ಟು ಬಳಸಿಕೊಂಡೇ ಹೋಗುತ್ತಾರೆ. ಆಷಾಢ ಹುಣ್ಣಿಮೆಯ ಸುಮಾರಿಗೆ ಈ ಬೆಟ್ಟದ ಸುತ್ತ 32 ಕಿಲೋಮೀಟರ್ ಬರಿಗಾಲಲ್ಲಿ ಗಿರಿಪ್ರದಕ್ಷಿಣೆ ಮಾಡುವ ಜನ ಇವರು. ಒಬ್ಬ ನೆಲಕ್ಕೆ ಬಿದ್ದರೆ ಬೆಚ್ಚುವವರಲ್ಲ.

ಬೆಟ್ಟದ ಬುಡದ ಅಡಿವಿವರಂ ಕಡೆ ನಾನು ಹಾಗೆ ಬಿದ್ದಿದ್ದಾಗ ಸಂಪಿಗೆ ಮಾರುವ ಮುದುಕಿಯೊಬ್ಬಳು ಬುಟ್ಟಿ ಇಳಿಸಿ, "ಏಂ ಮೊಕ್ಕುಕುನ್ನಾವು ನಾಯನಾ?" ಎಂದು ಕೇಳಿದಳು. ಏನು ಹರಕೆ ಹೊತ್ತೆಯಪ್ಪಾ ಎಂದು. ನನಗೆ ಗೊತ್ತಿರುವ ತೆಲುಗಿನಲ್ಲಿ "ಏನುಗಮ್ಮಾ" ಎಂದೆ. ಆನೆ ಎಂದರ್ಥ. ಅಷ್ಟು ದೊಡ್ಡ ಹರಕೆಯೇ ಎಂದು ಅವಳು ಎರಡೂ ಕೈ ಜೋಡಿಸಿದಳು. ನನ್ನ ಮೂಗಿನ ಮುಂದೆ ಇದ್ದದ್ದು ಗೇಣು ತುಂಬದ ಮರದ ಆನೆ. ಅದರ ಮೇಲೆ ಅಂಬಾರಿ, ಕೊರಳ ಮೇಲೆ ಮಾವುತ.

ಆಟಿಕೆಯನ್ನು ಬಯಲಿನಲ್ಲಿಟ್ಟು, ನೋಡಿದವರು ನಿಜವೆಂದೇ ನಂಬುವ ಹಾಗೆ ಫೋಟೋ ತೆಗೆಯುವುದು ನನ್ನ ಹುಚ್ಚು. ಸ್ಟೇಷನರಿ ಅಂಗಡಿಯಲ್ಲಿ ನೇತುಹಾಕಿರುವ ಪುಟ್ಟ ಕಾರಿನಿಂದ ಶುರುವಾದದ್ದು ಇದು. ಈ ಕಸುಬಿನಲ್ಲಿ ಕ್ಯಾಮೆರಾಕ್ಕಿಂತ ಮೊದಲು ಬೇಕಾದದ್ದು ಮಗ್ಗಿ. ಪುಟ್ಟ ಕಾರುಗಳಲ್ಲಿ ಬಹುಪಾಲು ಅರವತ್ತನಾಲ್ಕಕ್ಕೆ ಒಂದರ ಅಳತೆಯವು. ರಸ್ತೆಯಲ್ಲಿ ನಿಂತವನ ಕಣ್ಣು ನೆಲದಿಂದ 160 ಸೆಂಟಿಮೀಟರ್ ಮೇಲಿದ್ದರೆ, ಆ ಕಾರಿನ ಲೋಕದಲ್ಲಿ ಅದು ಎರಡೂವರೆ ಸೆಂಟಿಮೀಟರ್. ಲೆನ್ಸು ಅದಕ್ಕಿಂತ ಎರಡು ಬೆರಳು ಮೇಲೆ ಹೋಯಿತೋ, ನೋಡುವವನು ಮಹಡಿ ಹತ್ತಿದಂತೆ. ನಾಲ್ಕು ಬೆರಳು ಹೋಯಿತೋ, ಕಾರು ಮತ್ತೆ ಆಟಿಕೆ. ನನ್ನ ಆನೆ ಪುಣ್ಯಕ್ಕೆ ಇಪ್ಪತ್ತಕ್ಕೆ ಒಂದು. 15 ಸೆಂಟಿಮೀಟರ್ ಎತ್ತರದ್ದು, ಸುಮಾರು 3 ಮೀಟರಿನ ಗಂಡಾನೆಯ ಪಾತ್ರ ವಹಿಸಬೇಕು. ಹಾಗಾಗಿ ನನ್ನ ಕಣ್ಣಿಗೆ ಎಂಟು ಸೆಂಟಿಮೀಟರಿನವರೆಗೆ ರಿಯಾಯಿತಿ. ಫೋನನ್ನು ತಲೆಕೆಳಗು ಮಾಡಿದರೆ ಲೆನ್ಸು ನೆಲಕ್ಕೆ ಇನ್ನೂ ಹತ್ತಿರವಾಗುತ್ತದೆ. ಹೊಟ್ಟೆಗೆ ಅಂಥ ಸೌಕರ್ಯವಿಲ್ಲ.

ದುಬಾರಿ ಕ್ಯಾಮೆರಾ ಇರುವ ಗೆಳೆಯರು ಇಲ್ಲಿ ಸೋಲುವುದನ್ನು ನೋಡುವುದೂ ನನಗೊಂದು ಸುಖ. ದೊಡ್ಡ ಸೆನ್ಸರಿನ ಕ್ಯಾಮೆರಾ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿದು ಹಿಂದಿನದನ್ನೆಲ್ಲ ಮಸುಕು ಮಾಡುತ್ತದೆ. ಮದುವೆ ಫೋಟೋಕ್ಕೆ ಅದು ಚೆಂದ. ನಮ್ಮ ಕೆಲಸಕ್ಕೆ ಅದೇ ಕೇಡು, ಏಕೆಂದರೆ ಮಸುಕು ಕಂಡ ಕೂಡಲೇ ಕಣ್ಣು "ಇದೇನೋ ಸಣ್ಣ ಸಾಮಾನು" ಎಂದು ಕಂಡುಹಿಡಿಯುತ್ತದೆ. ಫೋನಿನ ಬಡ ಲೆನ್ಸಿಗೆ ಆನೆಯೂ ಬೆಟ್ಟವೂ ಒಟ್ಟಿಗೆ ಕಾಣುತ್ತವೆ. ಅಮೆರಿಕದ ಮೈಕೇಲ್ ಪಾಲ್ ಸ್ಮಿತ್ ಎಂಬಾತ ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದ. ಇಪ್ಪತ್ತನಾಲ್ಕಕ್ಕೆ ಒಂದರ ಆಟಿಕೆ ಕಾರುಗಳನ್ನೂ ತಾನೇ ಕಟ್ಟಿದ ಅಂಗಡಿ-ಮನೆಗಳನ್ನೂ ರಸ್ತೆಬದಿಯಲ್ಲಿ ಒಂದು ಮೇಜಿನ ಮೇಲಿಟ್ಟು, ಹಿಂದಿರುವ ನಿಜವಾದ ಮರ, ನಿಜವಾದ ಮನೆಗಳ ಸಾಲಿಗೆ ಹೊಂದಿಸಿ, ಸಾಧಾರಣ ಕ್ಯಾಮೆರಾದಲ್ಲಿ ಕ್ಲಿಕ್ಕಿಸುತ್ತಿದ್ದ. ಹಾಗೆ ಹುಟ್ಟಿದ ಊರಿನ ಹೆಸರು ಎಲ್ಜಿನ್ ಪಾರ್ಕ್. ಭೂಪಟದಲ್ಲಿಲ್ಲದ ಆ ಊರನ್ನು ನೋಡಿ, ನಾನು ಹುಟ್ಟಿ ಬೆಳೆದ ಬೀದಿ ಇದೇ ಎಂದು ಕಣ್ಣೀರಿಟ್ಟವರಿದ್ದರಂತೆ. ಆತ 2018ರಲ್ಲಿ ತೀರಿಕೊಂಡ. ಜಪಾನಿನ ತತ್ಸುಯಾ ತನಾಕಾನ ದಾರಿ ಬೇರೆ. 2011ರಿಂದ ದಿನಕ್ಕೊಂದರಂತೆ ಆತ ಬ್ರೊಕೋಲಿಯನ್ನು ಮರ ಮಾಡಿ, ಬ್ರೆಡ್ಡನ್ನು ಬೆಟ್ಟ ಮಾಡಿ, ಅಡಿಯಲ್ಲಿ ಪುಟಾಣಿ ಜನರನ್ನು ನಿಲ್ಲಿಸುತ್ತಾನೆ. ಅವನಿಗೆ ನಾವು ಮೋಸಹೋಗುವುದು ಬೇಡ, ನಕ್ಕರೆ ಸಾಕು. ನನಗೆ ಎರಡೂ ಬೇಕು. ದುರಾಸೆ.

ಮನೆಯೊಳಗೆ ಟೇಬಲ್ ಲ್ಯಾಂಪು ಹಚ್ಚಿ ಇದನ್ನು ಮಾಡಲಾರದೆ ಬಿಸಿಲಿಗೆ ಓಡುವುದಕ್ಕೂ ಕಾರಣವಿದೆ. ಲ್ಯಾಂಪು ಆನೆಗೆ ತೀರ ಹತ್ತಿರ. ಸೊಂಡಿಲ ಮೇಲೆ ಝಗ್ಗೆಂದು ಬಿದ್ದ ಬೆಳಕು ಬಾಲದ ಹೊತ್ತಿಗೆ ಸೋತಿರುತ್ತದೆ. ಸೂರ್ಯ ಇರುವುದು ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿ. ಅವನಿಗೆ ಆನೆಯೂ ಒಂದೇ, ಆನೆಯ ಬೊಂಬೆಯೂ ಒಂದೇ. ನೆರಳಿನ ಅಂಚು ಎಷ್ಟು ಮಸುಕಾಗಬೇಕು ಎಂಬುದನ್ನು ಕೂಡ ಅವನು ಬೊಂಬೆಯ ಅಳತೆಗೆ ತಕ್ಕಂತೆ ತಾನೇ ತೂಗಿ ಕೊಡುತ್ತಾನೆ. ಸರ್ಕಾರಿ ಕಚೇರಿಯಲ್ಲಿ ಇಷ್ಟು ಸಮದೃಷ್ಟಿ ಸಿಕ್ಕಿದ್ದರೆ ನಾನು ಪಿಂಚಣಿಗೆ ಅಷ್ಟು ಅಲೆಯುತ್ತಿರಲಿಲ್ಲ.

ಮಣ್ಣಿಗೆ ಆ ದೊಡ್ಡತನವಿಲ್ಲ. ಅರ್ಧ ಮಿಲಿಮೀಟರಿನ ಮರಳಿನ ಕಣ ಪುಟ್ಟ ಕಾರಿನ ಪಕ್ಕ ಮೂರು ಸೆಂಟಿಮೀಟರಿನ ಜಲ್ಲಿಯಾಗುತ್ತದೆ. ರಸ್ತೆಗೆ ಟಾರು ಹಾಕುವುದು ಬಾಕಿಯಿದೆ ಎಂದು ನೋಡಿದವರು ನಂಬುತ್ತಾರೆ, ನಮ್ಮ ಊರುಗಳಲ್ಲಿ ನಂಬುವುದು ಕಷ್ಟವೂ ಅಲ್ಲ. ಆದರೆ ರಾಜಮಾರ್ಗಕ್ಕೆ ನುಣುಪು ಧೂಳು ಬೇಕು. ನುಣುಪು ಧೂಳಿಗೆ ಜರಡಿ ಬೇಕು. ಮನೆಯಲ್ಲಿ ಮೈದಾ ಜರಡಿ ಕಾಣೆಯಾದ ದಿನ ಏನಾಯಿತು ಎಂಬುದು ಈ ಪ್ರಬಂಧದ ವಸ್ತುವಲ್ಲ.

ಇನ್ನು ಜೀವಜಂತುಗಳು. ಹುಲ್ಲುಕಡ್ಡಿ ತೆಂಗಿನ ಮರವಾಗಿ ನಟಿಸುತ್ತದೆ, ಅದಕ್ಕೆ ಹೇಳಿದಂತೆ ಕೇಳುವ ಗುಣವಿದೆ. ಇರುವೆಗಿಲ್ಲ. ಎಲ್ಲ ಸಿದ್ಧವಾಗಿ, ಬೆಳಕು ಓರೆಯಾಗಿ ಬಿದ್ದು, ಇನ್ನೇನು ಒತ್ತಬೇಕು ಎನ್ನುವಾಗ ಮೊಲದ ಗಾತ್ರದ ಕಟ್ಟಿರುವೆ ಆನೆಯ ಮುಂಗಾಲು ಹತ್ತುತ್ತದೆ. ಒಮ್ಮೆ ಒಂದು ನಾಟಿ ಕೋಳಿ ಬಂದಿತು. ಅಡಿವಿವರಂನಲ್ಲಿ ಅದು ಕೋಳಿ. ನನ್ನ ಲೆಕ್ಕದಲ್ಲಿ ಎಂಟು ಮೀಟರ್ ಎತ್ತರದ, ಕೆಂಪು ಜುಟ್ಟಿನ ರಾಕ್ಷಸ. ಮಾವುತನನ್ನು ಒಮ್ಮೆ ಕುಕ್ಕಿ ನೋಡಿ, ತಿನ್ನಲು ಯೋಗ್ಯನಲ್ಲ ಎಂದು ತೀರ್ಮಾನಿಸಿ ಹೋಯಿತು.

ಈ ಆನೆಯ ಪೂರ್ವಚರಿತ್ರೆ ಹೇಳಲೇಬೇಕು. ಇದು ವಿಜಯವಾಡದ ಪಕ್ಕದ ಕೊಂಡಪಲ್ಲಿಯದು. ಅಲ್ಲಿಯ ಕುಶಲಕರ್ಮಿಗಳು ತೆಲ್ಲಪೊಣಿಕಿ ಎಂಬ ಹಗುರ ಮರವನ್ನು ಕೆತ್ತಿ, ಕೈಕಾಲು ಸೊಂಡಿಲುಗಳನ್ನು ಬೇರೆಬೇರೆ ಮಾಡಿ, ಹುಣಿಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಸೇರಿಸುತ್ತಾರೆ. ಸುಣ್ಣದ ಲೇಪ ಕೊಟ್ಟು ಬಣ್ಣ ಹಚ್ಚುತ್ತಾರೆ. ದಶಾವತಾರ, ಎತ್ತಿನಗಾಡಿ, ತಾಳೆಮರ ಹತ್ತುವವನು, ರಾಗಿ ಬೀಸುವವಳು, ಎಲ್ಲಕ್ಕೂ ಮೇಲೆ ಅಂಬಾರಿ ಆನೆ. 2007ರಲ್ಲಿ ಜಿ.ಐ. ಮಾನ್ಯತೆಯೂ ಬಂದಿದೆ. ಈ ಗೊಂಬೆಗಳು ನನ್ನ ಕೆಲಸಕ್ಕೆ ಒಗ್ಗುವುದು ಅವುಗಳ ಮಂಕು ಬಣ್ಣದಿಂದ, ಕೊಂಚ ಉಬ್ಬುತಗ್ಗಾದ ಮೈಯಿಂದ. ಬಿಸಿಲು ಅದರ ಮೇಲೆ ಕೂರುತ್ತದೆ, ಜಾರುವುದಿಲ್ಲ.

ವಿಶಾಖಪಟ್ಟಣದ ಕಡೆಯವೇ ಆದ ಏಟಿಕೊಪ್ಪಾಕದ ಗೊಂಬೆಗಳು ಹಾಗಲ್ಲ. ವರಾಹ ನದಿಯ ದಡದ ಆ ಊರಿನಲ್ಲಿ ಅಂಕುಡು ಮರವನ್ನು ಚರಕಿಗೆ ಹಾಕಿ ತಿರುಗಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ ಮೆರುಗು ತರುತ್ತಾರೆ. ಬಣ್ಣ ಬೀಜ, ಬೇರು, ತೊಗಟೆಗಳದ್ದು. ಹೇಳುತ್ತಿದ್ದಂತೆಯೇ ನಿಮಗೆ ಚನ್ನಪಟ್ಟಣ ನೆನಪಾಗಿರಬೇಕು. ಮರವೂ ಅದೇ, ನಮ್ಮವರು ಆಲೆ ಮರ ಎನ್ನುತ್ತಾರೆ, ಅಷ್ಟೇ. ಎರಡೂ ಊರಿನ ಗೊಂಬೆ ಮಗುವಿನ ಕೈಗೆ, ಬಾಯಿಗೆ ಬಲು ಹಿತ. ನನ್ನ ಕ್ಯಾಮೆರಾಕ್ಕೆ ಮಾತ್ರ ವೈರಿಗಳು. ಚನ್ನಪಟ್ಟಣದ ಕೆಂಪು ರೈಲನ್ನು ಬೆಟ್ಟದ ಬುಡದಲ್ಲಿ ಓಡಿಸಿ ಫೋಟೋ ತೆಗೆದರೆ, ಇಂಜಿನ್ನಿನ ಹೊಟ್ಟೆಯಲ್ಲಿ ಆಕಾಶ, ಎರಡು ತೆಂಗಿನಮರ, ಕನ್ನಡಕದ ಒಬ್ಬ ದಪ್ಪ ಮನುಷ್ಯ ಇಷ್ಟೂ ಸ್ಪಷ್ಟವಾಗಿ ಮೂಡಿದ್ದವು. ಆ ಮನುಷ್ಯನ ಬಗ್ಗೆ ನನಗೆ ಹೆಚ್ಚಿನ ಆದರವಿಲ್ಲ.

ಏಟಿಕೊಪ್ಪಾಕದ ಗೊಂಬೆಗಳು ಒಮ್ಮೆ ನನ್ನ ಲೆಕ್ಕಾಚಾರವನ್ನೆಲ್ಲ ತಿರುಗುಮುರುಗು ಮಾಡಿದವು. 2025ರ ಗಣರಾಜ್ಯೋತ್ಸವಕ್ಕೆ ಆಂಧ್ರದ ಸ್ತಬ್ಧಚಿತ್ರವಾಗಿ ದೆಹಲಿಯ ಕರ್ತವ್ಯ ಪಥದಲ್ಲಿ ಮೆರವಣಿಗೆ ಹೊರಟದ್ದು ಅವೇ. ರಾಜ್ಯಗಳ ಸಾಲಿನಲ್ಲಿ ಮೂರನೆಯ ಬಹುಮಾನ. ಅಂಗೈಯ ಗೊಂಬೆ ಅಲ್ಲಿ ಮನುಷ್ಯರ ತಲೆ ಮೀರಿ ಬೆಳೆದಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಕಲಾವಿದರೇ ಟಿ.ವಿ.ಯಲ್ಲಿ ಗೊಂಬೆಗಳಂತೆ ಕಂಡರು. ನಾನು ಹೊಟ್ಟೆ ಸವೆಸಿ ಸಾಧಿಸುವುದನ್ನು ಸರ್ಕಾರ ಒಂದು ಲಾರಿಯಲ್ಲಿ ಸಾಧಿಸಿತು.

ಆನೆಯ ಕಥೆಗೆ ಬರುತ್ತೇನೆ. ಅದು ಕೊಂಡಪಲ್ಲಿಯಿಂದ ಇಲ್ಲಿಗೆ ಬಂದದ್ದು ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ, ನನ್ನ ಹೆಂಡತಿಯ ಮಡಿಲಲ್ಲಿ, ಅವಳದೇ ಆಸ್ತಿಯಾಗಿ. ಉದ್ದೇಶ ನವರಾತ್ರಿ. ನಮ್ಮ ಮನೆಯ ದಸರಾ ಗೊಂಬೆಗಳನ್ನು ನೋಡಿದವರಿಗೆ ಅಳತೆ ಎಂಬ ಮಾತೇ ಮರೆತುಹೋಗುತ್ತದೆ. ಪಟ್ಟದ ಗೊಂಬೆಗಳ ಕಾಲಬುಡದಲ್ಲಿ ಅವರ ಮೊಳಕಾಲಿಗೂ ಬಾರದ ಅರಮನೆ. ಕ್ರಿಕೆಟ್ ಆಟಗಾರರ ನಡುವೆ ಅಂಪೈರ್ ಸ್ಥಾನದಲ್ಲಿ ಗಾಂಧೀಜಿ. ಕನ್ನಡಿಯ ಕೆರೆಯಲ್ಲಿ ಒಂದೇ ಬಾತುಕೋಳಿ, ಅದು ದಡದ ದೇವಸ್ಥಾನಕ್ಕಿಂತ ಎತ್ತರ. ಬಟ್ಟಲಲ್ಲಿ ಮೊಳೆತ ರಾಗಿಯ ಪೈರಿನಲ್ಲಿ ಅರ್ಧ ಮುಳುಗಿದ ಹುಲಿ. ಪಕ್ಕದ ಮನೆಯವರು ಇಲ್ಲಿಯ ಪದ್ಧತಿಯಂತೆ ಸಂಕ್ರಾಂತಿಗೆ ಬೊಮ್ಮಲ ಕೊಲುವು ಇಡುತ್ತಾರೆ, ಅಲ್ಲಿಯೂ ಇದೇ ಪ್ರಜಾಪ್ರಭುತ್ವ. ಯಾವ ಮಗುವೂ ಅವನ್ನು ನೋಡಿ "ಬಾತು ಯಾಕೆ ಇಷ್ಟು ದಪ್ಪ" ಎಂದು ಕೇಳಿದ್ದನ್ನು ನಾನು ಕಾಣೆ. ನಾನು ಕೇಳಿದೆ. "ರೀ, ನಿಮ್ಮ ಸ್ಕೇಲು ನಿಮ್ಮ ಹತ್ತಿರ ಇಟ್ಕೊಳ್ಳಿ" ಎಂದಳು. ನವರಾತ್ರಿ ಕಳೆದ ಮೇಲೆ ಆನೆಯನ್ನು ಎರವಲು ಕೊಡಲು ಒಪ್ಪಿದಳು. ಸೊಂಡಿಲು ಮುರಿದರೆ ಕೊಂಡಪಲ್ಲಿಗೆ ನಾನೊಬ್ಬನೇ ಹೋಗಿ ಬರಬೇಕೆಂಬ ಷರತ್ತಿನ ಮೇಲೆ.

ಆನೆಯನ್ನು ಮುಂದಿಟ್ಟುಕೊಂಡು ನನಗೊಂದು ಚಿತ್ರ ಬೇಕಾಗಿತ್ತು. ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯಲ್ಲಿ ಉದಯಗಿರಿ, ಕೊಂಡವೀಡುಗಳ ಬಳಿಕ ಕೊಂಡಪಲ್ಲಿಯ ಕೋಟೆಯನ್ನೂ ಹಿಡಿದು, ಅಲ್ಲಿಂದ ಉತ್ತರಕ್ಕೆ ಸಾಗಿ 1516ರಲ್ಲಿ ಸಿಂಹಾಚಲಕ್ಕೆ ಬಂದ. 1519ರಲ್ಲಿ ಇನ್ನೊಮ್ಮೆ ಬಂದ. ದೇವರಿಗೆ 991 ಮುತ್ತುಗಳ ಹಾರವನ್ನೂ ಇತರ ಒಡವೆಗಳನ್ನೂ ಅರ್ಪಿಸಿದ್ದಕ್ಕೆ ಶಾಸನವಿದೆ; ಹತ್ತಿರದ ಪೊಟ್ನೂರಿನಲ್ಲಿ ಜಯಸ್ತಂಭ ನೆಡಿಸಿದ. ಅಂದರೆ ಕೊಂಡಪಲ್ಲಿಯಿಂದ ಸಿಂಹಾಚಲಕ್ಕೆ ಆನೆ ಬರುವ ದಾರಿ ಹಳೆಯದು. ರಾಯರ ಆನೆಗಳು ಹೊಳೆ ದಾಟಿ, ಕೋಟೆ ಮುತ್ತಿ ಕ್ರಮಿಸಿದ ದಾರಿಯನ್ನು ನಮ್ಮದು ಆರೇಳು ಗಂಟೆಯಲ್ಲಿ, ಸಾಮರ್ಲಕೋಟದ ಹತ್ತಿರ ಒಂದು ಕಾಫಿಯೊಂದಿಗೆ ಮುಗಿಸಿತ್ತು. ಬೆಟ್ಟದ ಬುಡಕ್ಕೆ ಬರುತ್ತಿರುವ ರಾಯರ ಆನೆ: ಇದೇ ಚಿತ್ರ. ಅಂಬಾರಿಯಲ್ಲಿ ರಾಯರು ಕೂತಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ದರ್ಶನಕ್ಕೆ ಮೇಲೆ ಹೋಗಿದ್ದಾರೆ ಎನ್ನಬಹುದು.

ಕನ್ನಡ ನಾಡಿಗೂ ಈ ಬೆಟ್ಟಕ್ಕೂ ಇರುವ ನಂಟು ರಾಯರಿಗಿಂತಲೂ ಹಳೆಯದು. ಮಧ್ವಾಚಾರ್ಯರ ಶಿಷ್ಯ ನರಹರಿ ತೀರ್ಥರು 13ನೆಯ ಶತಮಾನದಲ್ಲಿ ಕಳಿಂಗದ ರಾಜ್ಯಭಾರವನ್ನೇ ನೋಡಿಕೊಂಡವರು; ಶ್ರೀಕೂರ್ಮದಲ್ಲೂ ಸಿಂಹಾಚಲದಲ್ಲೂ ಅವರ ಶಾಸನಗಳಿವೆ. ಅರಸರ ಭಂಡಾರದಲ್ಲಿದ್ದ ಮೂಲರಾಮ-ಸೀತೆಯರ ಪುಟ್ಟ ಪ್ರತಿಮೆಗಳನ್ನು ಗುರುಗಳಿಗೆ ತಂದೊಪ್ಪಿಸಲೆಂದೇ ಅವರು ಇಲ್ಲಿ ಅಷ್ಟು ವರ್ಷ ಇದ್ದರೆಂದು ಸಂಪ್ರದಾಯ ಹೇಳುತ್ತದೆ. ಪುಟ್ಟ ವಿಗ್ರಹಕ್ಕಾಗಿ ರಾಜ್ಯ ಆಳಿದವರ ಮುಂದೆ, ಪುಟ್ಟ ಆನೆಗಾಗಿ ಧೂಳು ಸೋಸುವವನದು ಏನು ದೊಡ್ಡ ಮಾತು.

ಚಿತ್ರಕ್ಕೆ ಅಡ್ಡಬಂದದ್ದು ಇಪ್ಪತ್ತೊಂದನೆಯ ಶತಮಾನ. ವಿದ್ಯುತ್ ಕಂಬ, ಬೆಟ್ಟ ಹತ್ತುವ ಬಸ್ಸು, ಅಪಾರ್ಟ್‌ಮೆಂಟಿನ ನೆತ್ತಿಯ ನೀರಿನ ಟ್ಯಾಂಕು, ಮೊಬೈಲ್ ಟವರು. 1516ರಲ್ಲಿ ಇವು ಒಂದೂ ಇರಲಿಲ್ಲ. ಆದರೆ ಎಂಟು ಸೆಂಟಿಮೀಟರಿನ ಕಣ್ಣಿಗೆ ಒಂದು ವರವಿದೆ. ಒಂದು ಮುಷ್ಟಿ ಮಣ್ಣು ಗುಡ್ಡೆ ಮಾಡಿದರೆ ಕಾಲೊನಿಯೇ ಮಾಯ. ಟವರನ್ನು ಅಂಬಾರಿಯ ಮರೆಗೆ ತಂದೆ. ಕಂಬಗಳಿಗೆ ಎರಡು ತುಂಬೆ ಗಿಡ ಸಾಕಾಯಿತು. ಉಳಿದದ್ದು ಹಸಿರು ಬೆಟ್ಟ, ಆಕಾಶ, ಧೂಳಿನ ದಾರಿ. ಈಗ ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು, ರಾಯರನ್ನೂ ಹತ್ತು ಸಾವಿರ ಕಾಲಾಳನ್ನೂ ಅರೆಗಳಿಗೆಯಲ್ಲಿ ಬರೆದುಕೊಡುತ್ತದೆ ಎಂದು ಪಕ್ಕದ ಮನೆಯ ಹುಡುಗ ಹೇಳಿದ. ಕೊಡಲಿ. ಅದರ ಅಂಗಿಗೆ ಮಣ್ಣು ಮೆತ್ತುವುದಿಲ್ಲ, ಅದನ್ನು ಕೋಳಿ ಬಂದು ವಿಚಾರಿಸುವುದೂ ಇಲ್ಲ.

ನೀರನ್ನು ಮಾತ್ರ ನಾನು ಮುಟ್ಟಲಿಲ್ಲ. ಆನೆ ಹೊಳೆ ದಾಟುತ್ತಿದ್ದರೆ ಎಷ್ಟು ಚೆಂದ ಎನ್ನಿಸದೆ ಇರಲಿಲ್ಲ. ಆದರೆ ನೀರಿನ ಹನಿ ಯಾವ ಅಳತೆಗೂ ಬಗ್ಗುವುದಿಲ್ಲ. ಆನೆಯ ಕಾಲ ಮೇಲೆ ನಿಂತ ಒಂದು ಹನಿ ಕುಂಬಳಕಾಯಿಯಾಗಿ ಕಾಣುತ್ತದೆ. ಸಿನಿಮಾದವರಿಗೂ ಇದೇ ಪೇಚು. ಪುಟ್ಟ ತೊಟ್ಟಿಯ ಅಲೆ ಕಡಲಿನ ಅಲೆಯ ಗಾಂಭೀರ್ಯದಲ್ಲಿ ಏಳಲೆಂದು ಅವರು ಕ್ಯಾಮೆರಾ ವೇಗವಾಗಿ ಓಡಿಸಿ, ತೆರೆಯ ಮೇಲೆ ನಿಧಾನಕ್ಕೆ ತೋರಿಸುತ್ತಾರೆ. ಈ ವಿದ್ಯೆಯಲ್ಲಿ ತೆಲುಗಿನವರು ಯಾರಿಗೂ ಕಡಿಮೆಯಲ್ಲ. 1957ರ 'ಮಾಯಾಬಜಾರ್'ನಲ್ಲಿ ದೀಪಗಳಿಂದ ತುಂಬಿದ ದ್ವಾರಕೆ ಕಾಣುತ್ತದಲ್ಲ, ಅದು 50 ಅಡಿಗೆ 60 ಅಡಿ ಜಾಗದಲ್ಲಿ ಕಟ್ಟಿದ ಸುಮಾರು 300 ಪುಟಾಣಿ ಮನೆಗಳು. ಮಾರ್ಕಸ್ ಬಾರ್ಟ್ಲಿ ಎಂಬ ಛಾಯಾಗ್ರಾಹಕ ಅವಕ್ಕೆ ವಿದ್ಯುದ್ದೀಪ ಹಚ್ಚಿ ಊರು ಮಾಡಿದ. ನಮ್ಮ ಅಜ್ಜಿಯರು ಟೆಂಟಿನಲ್ಲಿ ಕೂತು ಕೈಮುಗಿದದ್ದು ಬೊಂಬೆಮನೆಗಳಿಗೆ. ಕೃಷ್ಣನಿಗೆ ತಲುಪಿರಬೇಕು, ತಕರಾರಿಲ್ಲ.

ನಿಜವಾದದ್ದು ಬೊಂಬೆಯಾಗುವುದನ್ನು ನೋಡಬೇಕಾದರೆ ವಿಶಾಖಪಟ್ಟಣದಲ್ಲಿ ಕಷ್ಟಪಡಬೇಕಿಲ್ಲ. ಆರ್.ಕೆ. ಬೀಚಿನ ಮರಳ ಮೇಲೆ ಐ.ಎನ್.ಎಸ್. ಕುರ್ಸುರಾ ಎಂಬ ಜಲಾಂತರ್ಗಾಮಿ ಕೂತಿದೆ, 91 ಮೀಟರ್ ಉದ್ದ. 1969ರಲ್ಲಿ ನೌಕಾಪಡೆಗೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, ಮರುವರ್ಷ ಮ್ಯೂಸಿಯಂ ಆಯಿತು. ಅದರ ಹೊಟ್ಟೆಯೊಳಗೆ ಹೋದರೆ ಎರಡು ಭುಜ ಒಟ್ಟಿಗೆ ಹಿಡಿಯುವುದಿಲ್ಲ. ಕೈಲಾಸಗಿರಿಯ ಮೇಲೆ ಹತ್ತಿ ಕಡಲ ಕಡೆ ನೋಡಿ: ಹಡಗು, ಬಸ್ಸು, ಹೋಟೆಲು, ಮಂತ್ರಿಗಳ ಕಾರಿನ ಸಾಲು, ಎಲ್ಲವೂ ಪುಟ್ಟ ಹುಡುಗ ಊಟಕ್ಕೆ ಕರೆದರೆಂದು ಬಿಟ್ಟೆದ್ದು ಹೋದ ಆಟ. ಪ್ರವಾಸಿಗರು ಅಲ್ಲಿ ನಿಂತು ಸೂರ್ಯನನ್ನು ಎರಡು ಬೆರಳಲ್ಲಿ ಹಿಡಿದ ಹಾಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ವಿಜಯಪುರದಲ್ಲಿ ಗೋಳಗುಮ್ಮಟದ ನೆತ್ತಿ ಹಿಡಿದೆತ್ತುವವರ ಬಂಧುಗಳಿರಬೇಕು. ನನ್ನದು ಹುಚ್ಚಾದರೆ ಇದೂ ಹುಚ್ಚೇ. ಅವರ ಅಂಗಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಹೀಗೆ ಜನರನ್ನು ನಂಬಿಸುವುದು ತಪ್ಪಲ್ಲವೇ ಎಂದು ಒಬ್ಬ ಹಿರಿಯರು ಕೇಳಿದರು. ಸಿಂಹಾಚಲದಲ್ಲಿ ನಿಂತು ಕೇಳುವ ಪ್ರಶ್ನೆಯಲ್ಲ ಅದು. ಇಲ್ಲಿಯ ವರಾಹ ನರಸಿಂಹ ವರ್ಷವಿಡೀ ಗಂಧದ ಲೇಪದೊಳಗೆ ಇರುತ್ತಾನೆ. ಹೊರಗಿನಿಂದ ಕಾಣುವುದು ಲಿಂಗದಂಥ ಆಕಾರ. ಅಕ್ಷಯ ತೃತೀಯದ ಒಂದು ದಿನ ಗಂಧ ತೆಗೆದು ನಿಜರೂಪದ ದರ್ಶನ, ಮತ್ತೆ ಲೇಪ. ಉಳಿದ ದಿನಗಳಲ್ಲಿ ಬಂದವರು ಮೋಸಹೋದೆವೆಂದು ದೂರು ಕೊಟ್ಟದ್ದುಂಟೆ? ನನ್ನ ಆನೆಯೂ ನವರಾತ್ರಿಯಲ್ಲಿ ನಿಜರೂಪದಲ್ಲಿಯೇ ಇರುತ್ತದೆ ಎಂದೆ. ಹಿರಿಯರು ಸುಮ್ಮನಾದರು. ಒಪ್ಪಿದರೆಂದು ಅರ್ಥವಲ್ಲ.

ಚಿತ್ರ ಕೊನೆಗೂ ಬಂತು, ನಾನಂದುಕೊಂಡದ್ದಕ್ಕಿಂತ ಚೆನ್ನಾಗಿಯೇ. ಓರೆಬಿಸಿಲಿನಲ್ಲಿ ಆನೆ ಧೂಳು ಎಬ್ಬಿಸಿಕೊಂಡು ಬೆಟ್ಟದ ಕಡೆ ಹೊರಟಿದೆ. ಧೂಳು ಎಬ್ಬಿಸಿದ್ದು ನನ್ನ ಉಸಿರು. ಹೆಸರು, ವಿವರ ಏನೂ ಬರೆಯದೆ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾರಾದರೂ "ಇದು ಬೊಂಬೆಯಲ್ಲವೇ" ಎನ್ನುತ್ತಾರೆಂದು ಕಾದೆ. ಮೊದಲು ಬಂದದ್ದು ಮೈಸೂರಿನ ಭಾವನವರ ಉತ್ತರ. ದಸರಾ ಅವರಿಗೆ ಹುಟ್ಟಿನಿಂದ ಬಂದ ವಿಷಯ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಯಾವ ಆನೆ ಎಷ್ಟು ವರ್ಷ ಹೊತ್ತಿತು ಎಂಬುದು ಬಾಯಿಪಾಠ. ಬರೆದಿದ್ದರು: "ನಮ್ದಾ, ಗಾದಿ ಎರಡೂ ಸರಿಯಾಗಿ ಕಟ್ಟಿಲ್ಲ. ಎಡಬಲಕ್ಕೆ ಕುಮ್ಕಿ ಆನೆ ಇಲ್ಲದೆ ಅಂಬಾರಿ ಹೊರಡಿಸಿದ್ದಾರಲ್ಲ, ಆ ದೇವಸ್ಥಾನದವರಿಗೆ ಯಾರಾದರೂ ಹೇಳಬಾರದೆ?" ಚಿಕ್ಕಮ್ಮ ಆನೆಗೆ ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲವೆಂದು ಮರುಗಿದರು. ಸೋದರಳಿಯನೊಬ್ಬ ಪ್ರಾಣಿದಯಾ ಸಂಘಕ್ಕೆ ಪತ್ರ ಬರೆಯೋಣವೆಂದ. ನಾನು ವಿಷಯ ತಿಳಿಸಲು ಟೈಪ್ ಮಾಡತೊಡಗುವಷ್ಟರಲ್ಲಿ ಅಕ್ಕನ ಸಂದೇಶ: "ಆನೆ ಸವಾರಿ ಎಷ್ಟು ಗಂಟೆಗೆ ಇರುತ್ತೆ ವಿಚಾರಿಸಿಡು. ಮೊಮ್ಮಗ ಒಂದೇ ಹಟ. ಪ್ರಶಾಂತಿ ಎಕ್ಸ್‌ಪ್ರೆಸ್ಸಿಗೆ ಐದು ಟಿಕೆಟ್ ಆಗಿದೆ, ಹದಿನಾರಕ್ಕೆ ಬರ್ತೀವಿ."

ಹೆಂಡತಿಗೆ ಓದಿ ಹೇಳಿದೆ. "ನಿಮ್ಮ ಅಕ್ಕ, ನಿಮ್ಮ ಆನೆ" ಎಂದು ಅವಳು ಒಳಗೆ ಹೋದಳು. ಮೊನ್ನೆಯವರೆಗೆ ಅದು ಅವಳ ಆನೆಯಾಗಿತ್ತು.